ಮಣ್ಣು ಪ್ಲಸ್ ಸಗಣಿ

ನಮ್ಮ ಕಾರಿನಲ್ಲಿ ಗೇರಿನ ಪಕ್ಕ ಗ್ಯಾಸ್ ಒಲೆಗಿರುವಂಥದ್ದೇ ಒಂದು ತಿರುಪು ಇದೆ. ಎಡಕ್ಕೆ ತಿರುಗಿಸಿದರೆ ಎರಡು ಚಕ್ರ ಎಳೆಯುತ್ತವೆ. ನಡುವೆ ಇಟ್ಟರೆ ಎಷ್ಟು ಚಕ್ರ ಬೇಕೆಂದು ಕಾರೇ ಯೋಚಿಸಿಕೊಳ್ಳುತ್ತದೆ. ಬಲಕ್ಕೆ ತಿರುಗಿಸಿದರೆ ನಾಲ್ಕೂ ಚಕ್ರ ಎಳೆಯುತ್ತವೆ. ಈ ತಿರುಪಿನ ಆಸೆಗೆ ಬಿದ್ದು ಮಾಮೂಲಿ ಕಾರಿಗಿಂತ ಒಂದೂವರೆ ಲಕ್ಷ ಹೆಚ್ಚು ಕೊಟ್ಟವನು ನಾನು. ಇಷ್ಟು ವರ್ಷದಲ್ಲಿ ಅದು ಬಲಕ್ಕೆ ತಿರುಗಿದ್ದು ಎರಡೇ ಸಲ. ಒಮ್ಮೆ 2022ರ ಸೆಪ್ಟೆಂಬರಿನಲ್ಲಿ, ಬೆಳ್ಳಂದೂರಿನ ಕಡೆ ನೀರು ನುಗ್ಗಿ ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಆಗ. ಅರ್ಧ ದಾರಿಯಲ್ಲಿ ನಾನೂ ಟ್ರ್ಯಾಕ್ಟರ್ ಹತ್ತಿದೆ. ಕಾರು ಹಗ್ಗ ಕಟ್ಟಿಸಿಕೊಂಡು ಹಿಂದೆ ಬಂತು. ಇನ್ನೊಂದು ಸಲ ತಿರುಗಿಸಿದ್ದು ನಮ್ಮತ್ತೆ. ಅದು ಏಸಿಯದು ಅಂದುಕೊಂಡಿದ್ದರು.

ಇಂಥ ಕಾರು ಇಟ್ಟುಕೊಂಡವನಿಗೆ ಒಳಗೊಳಗೇ ಒಂದು ಕೊರಗು ಇರುತ್ತದೆ. ಪೈಲ್ವಾನನನ್ನು ಕರೆತಂದು ಕೊತ್ತಂಬರಿ ಸೊಪ್ಪು ಬಿಡಿಸಲು ಕೂರಿಸಿದ ಹಾಗೆ. ಆ ಕೊರಗು ತಾಳಲಾರದೆ ಆಯುಧಪೂಜೆಯ ದಿನ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾ ಘೋಷಿಸಿಬಿಟ್ಟೆ: "ಈ ಡಿಸೆಂಬರಿಗೆ ಮನಾಲಿ. ಹಿಮ. ಇದೇ ಕಾರಲ್ಲಿ."

ಹೆಂಡತಿ ಏನೂ ಅನ್ನಲಿಲ್ಲ. ಅಂದದ್ದು ವಿಡಿಯೋ ಕಾಲಿನಲ್ಲಿ ಪೂಜೆ ನೋಡುತ್ತಿದ್ದ ಬಾಮೈದ. ಅವನಿರುವುದು ಕೆನಡಾದ ಮಾಂಟ್ರಿಯಲ್‌ನಲ್ಲಿ.

"ಭಾವ, ಟೈರು ಯಾವ್ದಿದೆ?"

"ಕಪ್ಪಗಿದೆ," ಅಂದೆ.

ಅಲ್ಲಿಂದ ನನ್ನ ಪಾಠ ಶುರುವಾಯಿತು. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರಿಗೆ ಚಳಿಗಾಲದ ಟೈರು ಕಡ್ಡಾಯ, ಕಾನೂನೇ ಇದೆ. ನನ್ನದು ಫೋರ್ ವೀಲ್ ಡ್ರೈವ್ ಕಣೋ, ನನಗ್ಯಾಕೆ ಎಂದೆ. "ಭಾವ, ಫೋರ್ ವೀಲ್ ಡ್ರೈವ್ ಕಾರನ್ನ ಹೊರಡಿಸತ್ತೆ ಅಷ್ಟೆ. ನಿಲ್ಲಿಸೋದು, ತಿರುಗಿಸೋದು ಟೈರು. ಬ್ರೇಕು ಆಲ್ಟೋಗೂ ನಾಲ್ಕೇ ಚಕ್ರಕ್ಕೆ, ನಿಮ್ಮದಕ್ಕೂ ನಾಲ್ಕೇ. ಮೊದಲ ಹಿಮ ಬಿದ್ದ ದಿನ ನಮ್ಮೂರಲ್ಲಿ ಹಳ್ಳಕ್ಕೆ ಇಳಿದಿರೋ ಕಾರು ನೋಡ್ಬೇಕು ನೀವು, ಎಲ್ಲ ನಿಮ್ಮ ಥರದವೇ."

"ನಮ್ಮೂರಂತೆ!" ಎಂದಳು ಹೆಂಡತಿ. ತುಮಕೂರಿನವಳು. ತಮ್ಮನೂ ತುಮಕೂರಿನವನೇ.

ವಿಷಯ ಇಷ್ಟು. ಮಾಮೂಲಿ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ, ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾದ ಹಾಗೆ, ಗಡುಸಾಗಿ ಹಿಡಿತ ಬಿಡುತ್ತದೆ. ಚಳಿಗಾಲದ ಟೈರಿನ ರಬ್ಬರಿಗೆ ಸಿಲಿಕಾ ಗಿಲಿಕಾ ಬೆರೆಸಿ ಆ ಚಳಿಯಲ್ಲೂ ಮೆತ್ತಗಿರುವಂತೆ ಮಾಡಿರುತ್ತಾರೆ. ಅದರ ಮೈಮೇಲಿನ ಗಟ್ಟಿಗಳಲ್ಲಿ ಕೂದಲೆಳೆಯಷ್ಟು ಸಣ್ಣ ಸೀಳುಗಳು ನೂರಾರು. ಆ ಸೀಳಿನ ಅಂಚುಗಳೇ ಹಿಮವನ್ನು ಕಚ್ಚಿ ಹಿಡಿಯುವುದು. ಇಂಥ ಟೈರನ್ನು ಮೊದಲು ಮಾಡಿದ್ದು ಫಿನ್ಲೆಂಡಿನ ನೋಕಿಯಾ ಊರಿನ ರಬ್ಬರು ಕಾರ್ಖಾನೆ, 1934ರಲ್ಲಿ, ಲಾರಿಗಳಿಗೆ. ಮುಂದೆ ನಮ್ಮೆಲ್ಲರ ಜೇಬಿಗೆ ಹಾವಿನ ಆಟದ ಫೋನು ಕೊಟ್ಟ ಕಂಪನಿಯ ಒಂದು ಬೇರು ಅದೇ ಕಾರ್ಖಾನೆ. ಬಿದ್ದರೂ ಒಡೆಯದ ಫೋನಿನ ಗುಟ್ಟು ನನಗೆ ಆಗ ತಿಳಿಯಿತು.

7 ಡಿಗ್ರಿ ಎಂದ ಮೇಲೆ ನಮ್ಮೂರಿನ ಲೆಕ್ಕ ನೋಡದಿದ್ದರೆ ಹೇಗೆ? ನೋಡಿದೆ. ಬೆಂಗಳೂರಿನ ದಾಖಲೆಯಲ್ಲಿ ಅತಿ ಚಳಿಯ ದಿನ 1884ರ ಜನವರಿ 13. ಅವತ್ತು 7.8 ಡಿಗ್ರಿ. ಅಂದರೆ ಈ ಊರಿಗೆ ಚಳಿಗಾಲದ ಟೈರು ಬೇಕಾಗುವ ಸಂದರ್ಭ ಬರೀ ಮುಕ್ಕಾಲು ಡಿಗ್ರಿ ಚಿಲ್ಲರೆಯಲ್ಲಿ ತಪ್ಪಿಹೋಗಿದೆ. ಬಂದಿದ್ದರೂ ಉಪಯೋಗವಿರಲಿಲ್ಲ ಅನ್ನಿ. ಬೆಂಜ್ ಮಹಾಶಯ ತನ್ನ ಕಾರಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1886ರಲ್ಲಿ, ಡನ್ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಅವತ್ತು ಚಳಿಯೊಂದೇ ಇದ್ದದ್ದು. ಕಾರೂ ಇರಲಿಲ್ಲ, ಟೈರೂ ಇರಲಿಲ್ಲ.

ಇಷ್ಟು ತಿಳಿದ ಮೇಲಾದರೂ ಸುಮ್ಮನಿರಬಹುದಿತ್ತು. ಆದರೆ ಓದಿಕೊಂಡವನಿಗೆ ಅಂಗಡಿಗೆ ಹೋಗದೆ ಇರಲಾಗದು. ಜೆ.ಸಿ. ರಸ್ತೆಗೆ ಹೋದೆ. ಒಂದು ತುದಿಗೆ ಪುರಭವನ, ಅಲ್ಲೇ ಮುಂದೆ ರವೀಂದ್ರ ಕಲಾಕ್ಷೇತ್ರ, ಉಳಿದದ್ದೆಲ್ಲ ಹಾರನ್ನು, ಸೀಟು ಕವರು, ಟೈರು, ರಿಮ್ಮು. ಮೊದಲ ಅಂಗಡಿಯಲ್ಲಿ ಸ್ನೋ ಟೈರು ಇದೆಯಾ ಎಂದೆ.

"ಊಟಿಗಾ ಸಾರ್?"

"ಮನಾಲಿಗೆ."

"ಮನಾಲಿಗೆ ಹೋಗೋರು ಪ್ಲೇನಲ್ಲಿ ಹೋಗ್ತಾರೆ ಸಾರ್," ಎಂದು ಆತ ಮತ್ತೆ ತಿಂಡಿ ಪೊಟ್ಟಣದ ಕಡೆ ತಿರುಗಿದ. ಮೂರು ತಿಂಗಳಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಬಾಳುವ ಸಲಹೆ ಅದು. ಪುಕ್ಕಟೆ ಸಿಕ್ಕಿದ್ದರಿಂದ ಲಕ್ಷ್ಯಕ್ಕೆ ಬರಲಿಲ್ಲ.

ಎರಡನೆಯ ಅಂಗಡಿಯವನು ಟೈರಿನ ಪಕ್ಕೆಯ ಮೇಲಿದ್ದ ಅಕ್ಷರ ತೋರಿಸಿದ. ಎಂ ಪ್ಲಸ್ ಎಸ್. ಮಡ್ ಮತ್ತು ಸ್ನೋ, ಕೆಸರಿಗೂ ಹಿಮಕ್ಕೂ ಸೈ. ಫೋಟೋ ತೆಗೆದು ಮಾಂಟ್ರಿಯಲ್‌ಗೆ ಕಳಿಸಿದೆ. ಅದು ನಂಬಿಕೆಗಲ್ಲ ಎಂದ ಬಾಮೈದ. ತೋಡುಗಳು ಸ್ವಲ್ಪ ಅಗಲವಾಗಿದ್ದರೆ ಸಾಕು, ಹಿಮದ ಮೇಲೆ ಓಡಿಸಿ ನೋಡದೆಯೇ ತಯಾರಕರು ಅದನ್ನು ಒತ್ತಿಬಿಡಬಹುದಂತೆ. ನಿಜವಾಗಿ ಹಿಮದ ಮೇಲೆ ಪರೀಕ್ಷೆ ಪಾಸಾದ ಟೈರಿಗೆ ಬೇರೆ ಗುರುತು: ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. ಸಂಜೆ ಮಗ ಆ ಫೋಟೋ ನೋಡಿ ಎಂ ಪ್ಲಸ್ ಎಸ್ ಅಂದ್ರೇನು ಎಂದು ಕೇಳಿದ. ನಾನು ಬಾಯಿ ತೆರೆಯುವ ಮುಂಚೆ ಒಳಗಿಂದ ಅವನಮ್ಮ ಹೇಳಿದಳು: "ಮಣ್ಣು ಪ್ಲಸ್ ಸಗಣಿ. ನಮ್ಮ ರೋಡಿಗೆ ಅದು ಸಾಕು."

ಬರೀ ಚಳಿಗಾಲಕ್ಕೆಂದೇ ಮಾಡಿದ ಟೈರು ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದರೂ ನಮ್ಮ ಏಪ್ರಿಲ್ ಬಿಸಿಲಿಗೆ ಆ ಮೆತ್ತನೆ ರಬ್ಬರು ಸ್ಲೇಟು ಒರೆಸುವ ರಬ್ಬರಿನ ಹಾಗೆ ಸವೆದುಹೋಗುತ್ತಿತ್ತಂತೆ. ಕೊನೆಗೆ ಗಟ್ಟಿಮುಟ್ಟಾದ ಆಲ್ ಟೆರೇನ್ ಟೈರೊಂದರಲ್ಲಿ ಬೆಟ್ಟ, ಹರಳು ಎರಡೂ ಕಂಡವು. ಪಕ್ಕದಲ್ಲೇ ನಾಲ್ಕು ಅಂಕಿ: 1419. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಂದರೆ 2019ರ ಹದಿನಾಲ್ಕನೆಯ ವಾರ ಹುಟ್ಟಿದ್ದು. "ಫ್ರೆಶ್ ಮಾಲು ಸಾರ್, ಹೋದ ವಾರ ಬಂದಿದ್ದು," ಎಂದ. ಅಂಗಡಿಗೆ ಹೋದ ವಾರ ಬಂದಿರಬಹುದು, ಭೂಮಿಗೆ ಬಂದು ಬಹಳ ಕಾಲವಾಗಿತ್ತು. ಹಾಲಿನ ಪ್ಯಾಕೆಟ್ಟಿನ ತಾರೀಖು ನೋಡದೆ ತಂದು ಬೈಸಿಕೊಂಡ ಅನುಭವ ನನ್ನನ್ನು ಕಾಪಾಡಿತು. ಹೊಸದು ತರಿಸಿಕೊಡಿ ಎಂದೆ.

ಎರಡೇ ಸಾಕಲ್ವಾ, ಚಪ್ಪಲಿ ಹಾಗೆ, ಎಂದಳು ಹೆಂಡತಿ. ಸಾಲದು. ನಾಲ್ಕೂ ಚಕ್ರ ಎಳೆಯುವ ಕಾರಿನಲ್ಲಿ ಮುಂದಿನ ಟೈರೊಂದು ಸುತ್ತಳತೆ, ಹಿಂದಿನದೊಂದು ಸುತ್ತಳತೆಯಾದರೆ ನಡುವಿನ ಯಂತ್ರ ಎರಡನ್ನೂ ಸಮಾಧಾನ ಮಾಡುತ್ತಲೇ ಕಾದು ಕೆಂಪಗಾಗುತ್ತದೆ. ಕೂಡುಕುಟುಂಬದ ಹಿರಿಯ ಸೊಸೆಯ ಹಾಗೆ ಎಂದು ವಿವರಿಸಿದೆ. ಇದು ಅವಳಿಗೆ ಒಂದೇ ಸಲಕ್ಕೆ ಅರ್ಥವಾಯಿತು. ನಾಲ್ಕು ಟೈರಿಗೆ ಮಂಜೂರಾತಿಯೂ ಸಿಕ್ಕಿತು.

ಇನ್ನು ಅಳತೆ. ನಮ್ಮ ಕಾರಿನದು 215/60 ಆರ್ 17. ಇದರಲ್ಲಿ 215 ಅಗಲ, ಮಿಲಿಮೀಟರಿನಲ್ಲಿ. 60 ಮಿಲಿಮೀಟರೂ ಅಲ್ಲ, ಇಂಚೂ ಅಲ್ಲ. ಪಕ್ಕೆಯ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು. 17 ರಿಮ್ಮಿನ ವ್ಯಾಸ, ಇಂಚಿನಲ್ಲಿ. ಇಂಥ ಲೆಕ್ಕ ಎಲ್ಲೋ ಕೇಳಿದ್ದೇನಲ್ಲ ಎಂದು ಯೋಚಿಸಿದರೆ ಅತ್ತೆಯ ಹುಳಿ ನೆನಪಾಯಿತು: ಬೇಳೆ ಪಾವಿನಲ್ಲಿ, ಉಪ್ಪು ಚಿಟಿಕೆಯಲ್ಲಿ, ಹುಣಸೆ ನಿಂಬೆಹಣ್ಣಿನ ಗಾತ್ರದಲ್ಲಿ. ಮಾಂಟ್ರಿಯಲ್ ಕಡೆಯವರು ಚಳಿಗಾಲಕ್ಕೆ ಒಂದಿಂಚು ಸಣ್ಣ ರಿಮ್ಮು, ಎತ್ತರದ ಪಕ್ಕೆಯ ಟೈರು ಹಾಕಿ ಬೇರೆಯೇ ಒಂದು ಸೆಟ್ಟು ಇಟ್ಟುಕೊಳ್ಳುತ್ತಾರಂತೆ. ಗುಂಡಿಗೆ ಬಿದ್ದರೂ ರಿಮ್ಮು ಉಳಿಯುತ್ತದೆ. ಗುಂಡಿ ಎಂದದ್ದೇ ನನ್ನ ಕಿವಿ ನೆಟ್ಟಗಾಯಿತು. ಹಿಮ ಇಲ್ಲದಿದ್ದರೇನು, ಅದಕ್ಕೆ ನಮ್ಮಲ್ಲಿ ಬರವಿಲ್ಲ. 215/65 ಆರ್ 16 ಹಾಕಿದರೆ ಒಟ್ಟು ಎತ್ತರದಲ್ಲಿ ವ್ಯತ್ಯಾಸ ನಾಲ್ಕೇ ಮಿಲಿಮೀಟರು. ಚಕ್ರದೊಳಗೆ ಬ್ರೇಕು ಅದುಮುವ ಕ್ಯಾಲಿಪರಿಗೆ ರಿಮ್ಮು ತಗಲುವುದಿಲ್ಲ ಎಂದೂ ಖಾತ್ರಿ ಮಾಡಿಕೊಂಡೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಎಡವಟ್ಟಾದದ್ದು ಇದರ ನಂತರ.

ರಿಮ್ಮು ಕೊಳ್ಳುವಾಗ ಬೋಲ್ಟಿನ ತೂತುಗಳು ಎಷ್ಟು ಅಗಲದ ವೃತ್ತದ ಮೇಲಿವೆ ಎಂಬುದು ಮುಖ್ಯ. ಅದಕ್ಕೆ ಪಿ.ಸಿ.ಡಿ. ಎನ್ನುತ್ತಾರೆ. ನಾಲ್ಕು ತೂತಿದ್ದರೆ ಎದುರುಬದುರು ಟೇಪು ಹಿಡಿದರಾಯಿತು. ಐದು ತೂತಿನ ರಿಮ್ಮಿನಲ್ಲಿ ಯಾವ ತೂತಿಗೂ ಎದುರು ತೂತಿಲ್ಲ! ನಾನು ಹೆಂಡತಿಯ ಹೊಲಿಗೆ ಟೇಪು ಹಿಡಿದು, ಪಾರ್ಕಿಂಗಿನಲ್ಲಿ ಮಂಡಿಯೂರಿ, ಅಂದಾಜಿನಲ್ಲಿ ಎದುರು ಎನ್ನಬಹುದಾದ ಕಡೆಗೆ ಎಳೆದು ನೋಡಿದೆ. 112 ಬಂತು. ಸೆಕೆಂಡ್ ಹ್ಯಾಂಡ್ ಅಲಾಯ್ ರಿಮ್ಮು ಮಾರುವವನೊಬ್ಬ "112 ಇದೆ ಸಾರ್, ಹೂವಿನ ಹಾಗೆ ಕೂರುತ್ತೆ" ಎಂದ. ನಾಲ್ಕನ್ನೂ ಮನೆಗೆ ತಂದೆ.

ಕೂರಲಿಲ್ಲ. ನಮ್ಮ ಕಾರಿನದು 114.3. ಎರಡು ಮಿಲಿಮೀಟರು ಚಿಲ್ಲರೆ. ಮೆಕ್ಯಾನಿಕ್ಕು ರಿಮ್ಮು ಎತ್ತಿಹಿಡಿದು, ನನ್ನ ಮುಖ ನೋಡಿ, "ಇದು ಆಡಿ, ಬೆಂಜ್‌ಗೆಲ್ಲ ಬರೋ ಅಳತೆ ಸಾರ್" ಎಂದು ಮೆಲ್ಲಗೆ ಕೆಳಗಿಟ್ಟ. "ಚಕ್ರ ನಾಲ್ಕು ಬಂತು," ಎಂದಳು ಹೆಂಡತಿ, "ಇನ್ನು ಬೆಂಜ್ ಒಂದು ತಗೊಂಡ್ರೆ ಆಯ್ತು."

ಮಾರಿದವನು ವಾಪಸು ತಗೊಳ್ಳಲಿಲ್ಲ. ಬದಲಿ ಕೊಡುತ್ತೇನೆ, ಸ್ವಲ್ಪ ದಿನ ಕಾಯಿರಿ ಎಂದ. ಆ ಸ್ವಲ್ಪ ದಿನ ಹನ್ನೆರಡು ದಿನವಾಯಿತು. ಅಷ್ಟೂ ದಿನ ಬೆಂಜ್‌ನ ರಿಮ್ಮುಗಳು ನಮ್ಮ ಹಾಲಿನಲ್ಲಿದ್ದವು. ಅತ್ತೆ ಬಾಲ್ಕನಿಯಲ್ಲಿ ಎರಡನ್ನು ಪೇರಿಸಿ ಮೇಲೆ ತಟ್ಟೆಯಿಟ್ಟು ಸಂಡಿಗೆ ಒಣಗಿಸಿದರು. ಗಾಳಿ ಕೆಳಗಿನಿಂದಲೂ ಆಡುವುದರಿಂದ ಸಂಡಿಗೆ ಬಹಳ ಚೆನ್ನಾಗಿ ಒಣಗಿತು ಎಂಬ ಮಾತನ್ನು ಇಲ್ಲಿ ದಾಖಲಿಸುತ್ತೇನೆ. ಇಡೀ ವ್ಯವಹಾರದಲ್ಲಿ ಲಾಭ ಎಂದು ಬರೆಯಬಹುದಾದದ್ದು ಅದೊಂದೇ.

ಅಂತೂ ಸರಿಯಾದ ರಿಮ್ಮು, ಹೊಸ ಟೈರು ಕೂತವು. ಅತ್ತೆ ಅರಿಸಿನ ಕುಂಕುಮ ಹಿಡಿದು ಬಂದು ಟೈರಿನ ಪಕ್ಕೆಯ ಗುರುತನ್ನು ಬಗ್ಗಿ ನೋಡಿದರು. ಮೂರು ಶಿಖರ, ನಡುವೆ ಹಿಮ. "ಕೈಲಾಸ ಅಲ್ವೇ ಅಳಿಯಂದ್ರೆ ಇದು?" ಎಂದು ಕೈ ಮುಗಿದು, ನಾಲ್ಕೂ ಕೈಲಾಸಕ್ಕೆ ಕುಂಕುಮವಿಟ್ಟರು. ಅಂಗಡಿಯ ಹುಡುಗ "ಅಲಾಯ್ ಕಳ್ತನ ಜಾಸ್ತಿ ಸಾರ್" ಎಂದು ಹೆದರಿಸಿ ಚಕ್ರಕ್ಕೊಂದರಂತೆ ಲಾಕ್ ನಟ್ಟು ಹಾಕಿದ. ಅದನ್ನು ಬಿಚ್ಚಲು ಬೇರೆಯೇ ಒಂದು ಕೀಲಿ. ಅದನ್ನು ಹೆಂಡತಿಯ ಕೈಗಿತ್ತು, ಇದು ಕಳೆದರೆ ಒಂದು ಚಕ್ರವನ್ನೂ ಬಿಚ್ಚಲಾಗದು, ಭದ್ರವಾಗಿಡು ಎಂದೆ. ಭದ್ರವಾಗಿಟ್ಟಳು.

ಅರವತ್ತು ಸಾವಿರದ ಮೇಲೆ ಖರ್ಚಾಗಿತ್ತು. ಡಿಸೆಂಬರ್ ಬಂತು. ಒಂದು ರಾತ್ರಿ ಊಟವಾದ ಮೇಲೆ ಹೆಂಡತಿ ಕ್ಯಾಲೆಂಡರು ಹಿಡಿದು ಬಂದಳು.

"ರೀ, ಮನಾಲಿ ಎಷ್ಟು ದೂರ?"

"ಸುಮಾರು 2,700 ಕಿಲೋಮೀಟರು."

"ದಿನಕ್ಕೆ ಎಷ್ಟು ಓಡಿಸ್ತೀರಿ?"

"ಆರುನೂರು."

"ಹೋಗೋಕೆ ಐದು ದಿನ, ಬರೋಕೆ ಐದು ದಿನ. ನನಗೆ ರಜ ಭಾನುವಾರ ಸೇರಿ ಎಂಟು. ಹಿಮ ನೋಡೋಕೆ ಮೈನಸ್ ಎರಡು ದಿನ ಉಳಿಯತ್ತೆ."

ಆ ಚಳಿಗಾಲದಲ್ಲಿ ನಮ್ಮ ಮನೆ ಕಂಡ ಮೈನಸ್ಸು ಅದೊಂದೇ.

ಕಾರು ಹೊರಟದ್ದು ಸಂಕ್ರಾಂತಿಗೆ, ತುಮಕೂರಿನ ದೊಡ್ಡಮ್ಮನ ಮನೆಗೆ. ಹೊಸ ಟೈರುಗಳು ದಾರಿಯುದ್ದಕ್ಕೂ ದುಂಬಿಯ ಹಾಗೆ ಗುಂಯ್‌ಗುಟ್ಟಿದವು. ನೆಲಮಂಗಲ ದಾಟುತ್ತಿದ್ದಂತೆ ಗುಂಯ್ ನಿಂತು ಪಟಪಟ ಶುರುವಾಯಿತು. ಇಳಿದು ನೋಡಿದರೆ ಮುಂದಿನ ಚಕ್ರಕ್ಕೆ ಮೊಳೆ. ಎತ್ತಿನ ಲಾಳದ್ದು. ಹಬ್ಬಕ್ಕೆ ಲಾಳ ಕಟ್ಟಿಸಿಕೊಂಡ ಯಾವ ಬಸವಣ್ಣನ ಪ್ರಸಾದವೋ.

ಸ್ಟೆಪ್ನಿ ಇತ್ತು. ಜಾಕು ಇತ್ತು. ಲಾಕ್ ನಟ್ಟಿನ ಕೀಲಿ ಮಾತ್ರ ಬೆಂಗಳೂರಿನ ಮನೆಯ ಬೀರುವಿನಲ್ಲಿ, ಒಳಗಿನ ಲಾಕರಿನಲ್ಲಿ, ಅತ್ತೆಯ ಕಾಸಿನ ಸರದ ಡಬ್ಬಿಯಲ್ಲಿ ಭದ್ರವಾಗಿತ್ತು.

ನಾನು ಮಾಂಟ್ರಿಯಲ್‌ಗೆ ಫೋನು ಹಚ್ಚಿದೆ. ಅಲ್ಲಿ ಬೆಳಗಿನ ಜಾವ ನಾಲ್ಕೂವರೆ. ಹೆಂಡತಿ ಪಕ್ಕದ ಮನೆಯವರಿಗೆ ಬೀರುವಿನ ಕೀಲಿ ಎಲ್ಲಿದೆ ಎಂದು ವಿವರಿಸತೊಡಗಿದಳು. ಅರ್ಧಕ್ಕೆ ಅತ್ತೆ ಕಾಸಿನ ಸರ ನೆನಪಾಗಿ ಫೋನು ಕಿತ್ತುಕೊಂಡರು. ಇಷ್ಟರಲ್ಲಿ ಎದುರಿನ ಪಂಕ್ಚರ್ ಅಂಗಡಿಯವನು ಸೂಜಿ, ಅಂಟಿನ ಬತ್ತಿ ಹಿಡಿದು ಬಂದವನು ಸ್ಟೇರಿಂಗು ಪೂರ್ತಿ ತಿರುಗಿಸಿ, ಟೈರಿನ ಮೇಲೆ ಕೈಯಾಡಿಸಿ, ಆ ಕೂದಲೆಳೆ ಸೀಳುಗಳನ್ನು ನೋಡಿ ನೊಂದುಕೊಂಡ. "ಹೊಸ ಟೈರು ಸಾರ್, ಯಾರೋ ಪಾಪಿಗಳು ಬ್ಲೇಡಲ್ಲಿ ಕುಯ್ದವ್ರೆ."

"ಚಕ್ರ ಬಿಚ್ಚೋಕೆ ಕೀಲಿ ಇಲ್ಲ," ಎಂದೆ.

"ಟ್ಯೂಬ್‌ಲೆಸ್ಸಿಗೆ ಯಾಕ್ ಸಾರ್ ಬಿಚ್ಚಬೇಕು?" ಎಂದು ಮೊಳೆ ಕಿತ್ತು, ಬತ್ತಿ ಚುಚ್ಚಿ, ಉಳಿದ ತುದಿ ಕತ್ತರಿಸಿ, ಗಾಳಿ ಹೊಡೆದು, ಎಂಜಲು ಹಚ್ಚಿ ಗುಳ್ಳೆ ಬರುವುದಿಲ್ಲ ಎಂದು ತೋರಿಸಿದ. ನೂರೈವತ್ತು ರೂಪಾಯಿ. ಬಾಮೈದ ಇನ್ನೂ ಕನ್ನಡಕ ಹುಡುಕುತ್ತಿದ್ದ.

ಮತ್ತೆ ಹೊರಟೆವು. ಮೂರು ಗಂಟೆಯ ಬಿಸಿಲು ಗಾಜಿನ ಮೇಲೆ ಬೀಳುತ್ತಿತ್ತು. ಮಂಡಿನೋವೆಂದು ಮುಂದಿನ ಸೀಟಿನಲ್ಲಿ ಕೂತಿದ್ದ ಅತ್ತೆ ಸೆರಗಿನಿಂದ ಗಾಳಿ ಬೀಸಿಕೊಂಡರು. "ಏನು ಸೆಕೆನಪ್ಪಾ," ಎಂದು ಕೈ ಚಾಚಿ ಗೇರಿನ ಪಕ್ಕದ ತಿರುಪನ್ನು ಬಲಕ್ಕೆ, ಕೊನೆಯವರೆಗೂ, ತಿರುಗಿಸಿದರು.