ಬಿಸ್ಕತ್ತಿನ ಡಬ್ಬಿಯಲ್ಲಿ ಉಳಿದ 47 ಮಾತ್ರೆಗಳು

ನಿನ್ನೆ ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಮನೆಗೆ ಬೊಜ್ಜದ (ಉತ್ತರಕ್ರಿಯೆಯ) ಊಟಕ್ಕೆ ಹೋಗಿದ್ದೆ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವಳೇ ಇದನ್ನು ಬರೆಯಲು ಕೂತೆ. ಸ್ವಲ್ಪ ಉದ್ದ ಆಗಬಹುದು. ಸಿಟ್ಟೂ ಇದೆ.

ತೀರಿಕೊಂಡವರು ಸಂಬಂಧದಲ್ಲಿ ನನಗೆ ಮಾವ ಆಗಬೇಕು. ಗಂಟಲಿನ ಕ್ಯಾನ್ಸರ್. ಕೊನೆಕೊನೆಗೆ ಅವರ ಕೂಗು ತೋಟದ ಆಚೆ ಮನೆಗೂ ಕೇಳುತ್ತಿತ್ತಂತೆ. ಊಟ ಮುಗಿದು ಚಾವಡಿಯಲ್ಲಿ ಎಲೆ ಅಡಿಕೆ ಹಾಕುವಾಗ ಗಂಡಸರ ಮಾತು ಅಲ್ಲಿಗೇ ಹೋಯಿತು. "ನಮ್ಮಲ್ಲಿ ದಯಾಮರಣದ ಕಾನೂನು ಇದ್ದಿದ್ದರೆ ಪಾಪ ಇಷ್ಟು ಅನುಭವಿಸಬೇಕಿತ್ತಾ?" ಅಂದರು ಒಬ್ಬರು. "ನೆದರ್ಲೆಂಡ್ಸ್‌ನಲ್ಲಿ ಉಂಟಲ್ಲ" ಅಂದರು ಇನ್ನೊಬ್ಬರು. "ದೇವರು ಕೊಟ್ಟ ಜೀವ ತೆಗೆಯಲು ನಾವು ಯಾರು?" ಎಂದು ಮತ್ತೊಬ್ಬರು. ವಾದ ಜೋರಾಯಿತು.

ಅಷ್ಟರಲ್ಲಿ ಸೊಸೆ ನನ್ನನ್ನು ಒಳಗೆ ಕರೆದಳು. ನಾನು ವಾರಕ್ಕೊಮ್ಮೆ, ಗುಣವಾಗದ ರೋಗಿಗಳ ನೋವು ಕಡಿಮೆ ಮಾಡಲು ಬರುವ ಪಾಲಿಯೇಟಿವ್ ಗಾಡಿಯಲ್ಲಿ ಸಿಸ್ಟರ್ ಜೊತೆ ಮನೆಮನೆಗೆ ಹೋಗುತ್ತೇನೆ ಎಂದು ನಿಮಗೆಲ್ಲ ಗೊತ್ತಲ್ಲ, ಅದಕ್ಕೇ ಕರೆದದ್ದು. ಅವರ ಮನೆ ನಮ್ಮ ದಾರಿಯಲ್ಲಿ ಬರುವುದಿಲ್ಲ, ಬೇರೆ ಗಾಡಿ ಹೋಗುತ್ತದೆ. ಕಿಟಕಿಯಲ್ಲಿದ್ದ ಹಳೆ ಬಿಸ್ಕತ್ತಿನ ಡಬ್ಬಿ ತೆಗೆದು, "ಅಕ್ಕಾ, ಮಾವನ ಮದ್ದು ಸುಮಾರು ಉಳಿದಿದೆ. ಎಂತ ಮಾಡುವುದು? ಒಲೆಗೆ ಹಾಕುವುದಾ?" ಎಂದು ಕೇಳಿದಳು.

ಮಾರ್ಫಿನ್ ಮಾತ್ರೆಗಳು. ನಾನು ಎಣಿಸಿದೆ. 60ರಲ್ಲಿ 47 ಹಾಗೇ ಇದ್ದವು. ನಾಲ್ಕು ಗಂಟೆಗೊಂದರಂತೆ ಹತ್ತು ದಿನಕ್ಕೆ ಕೊಟ್ಟದ್ದು. ಮಾವ ಹೋದದ್ದು ಸರಿಯಾಗಿ ಆ ಹತ್ತನೇ ದಿನ.

ನೋಡಿ, ಹೊರಗೆ ಚಾವಡಿಯಲ್ಲಿ ಸಾಯಿಸುವ ಕಾನೂನು ಬೇಕೋ ಬೇಡವೋ ಎಂದು ಚರ್ಚೆ. ಒಳಗೆ ಕಿಟಕಿಯಲ್ಲಿ ನೋವು ಕಡಿಮೆ ಮಾಡುವ ಮದ್ದು. ಎರಡರ ಮಧ್ಯೆ ಒಂದು ಗೋಡೆ ಅಷ್ಟೇ.

ಮಗನನ್ನು ಕೇಳಿದೆ. ತಲೆ ತಗ್ಗಿಸಿ ಹೇಳಿದ, "ಅದು ಡ್ರಗ್ ಅಲ್ವಾ ಅಕ್ಕ? ಅಭ್ಯಾಸ ಆದರೆ ಅಂತ ಹೆದರಿಕೆ ಆಯಿತು. ತೀರಾ ತಡೆಯಲಿಕ್ಕೆ ಆಗದಾಗ ಮಾತ್ರ ಒಂದು ಕೊಟ್ಟೆವು." ಸಿಸ್ಟರ್ ಫೋನ್ ಮಾಡಿ ಕೇಳಿದರೆ "ಕೊಡ್ತಾ ಇದ್ದೇವೆ" ಎಂದು ಹೇಳುತ್ತಿದ್ದರಂತೆ. ದಿನಾ ಬೆಳಗಾದರೆ ಎಂಡಿಎಂಎ ಡ್ರಗ್ ಸಿಕ್ಕಿತು, ಇಂತಿಷ್ಟು ಹುಡುಗರು ಅರೆಸ್ಟ್ ಎಂದು ನಮ್ಮ ಜಿಲ್ಲೆಯ ಸುದ್ದಿ. ಮಾರ್ಫಿನ್ ಎಂಬ ಹೆಸರು ಕೇಳಿದರೆ ಜನ ಅದನ್ನೂ ಅದೇ ಸಾಲಿಗೆ ಸೇರಿಸುತ್ತಾರೆ. ಬದುಕಲು ಇನ್ನು ಕೆಲವೇ ದಿನ ಇರುವ 74 ವರ್ಷದ ಮನುಷ್ಯನಿಗೆ ಯಾವ ಅಭ್ಯಾಸ ಮಾರಾಯ್ರೆ?

ಆದರೂ ಆ ಹುಡುಗನಿಗೆ ಬೈಯಲು ಬಾಯಿ ಬರಲಿಲ್ಲ. ಕಾರಣ ಹೇಳಿಬಿಡುತ್ತೇನೆ. ಇಷ್ಟು ವರ್ಷ ಇಲ್ಲಿ ಬರೆದಿರಲಿಲ್ಲ.

2009ರಲ್ಲಿ ನನ್ನ ಅಮ್ಮನಿಗೆ ನಾನೂ ಅದನ್ನೇ ಮಾಡಿದ್ದೆ. ಮಂಗಳೂರಿನಲ್ಲಿ "ಇನ್ನು ಮನೆಗೆ ಕರಕೊಂಡು ಹೋಗಿ" ಅಂದ ಮೇಲೆ ತಲಪಾಡಿ ದಾಟಿ ಮನೆಗೆ ತಂದೆವು. ಮಾತ್ರೆ ಕೊಟ್ಟಿದ್ದರು. ನಾನು ಬ್ಲೇಡಿನಲ್ಲಿ ಅರ್ಧ ಮಾಡಿ ಕೊಡುತ್ತಿದ್ದೆ. ಅದೂ ಅಮ್ಮ ಅತ್ತು ಕೇಳಿದ ಮೇಲೆ. ಒಂದು ದಿನ ಅಮ್ಮ ಕೇಳುವುದನ್ನೇ ನಿಲ್ಲಿಸಿದಳು. ನೋವು ಕಡಿಮೆಯಾಯಿತು ಎಂದುಕೊಂಡೆ. ಆ ರಾತ್ರಿ ನನ್ನ ಕೈ ಹಿಡಿದು, "ಎಂತಾದರೂ ಕೊಟ್ಟು ನನ್ನನ್ನು ಕಳಿಸಿಬಿಡು ಮಗಾ" ಅಂದಳು.

ಪಾಲಿಯೇಟಿವ್ ಸಿಸ್ಟರ್ ಬಂದು ನನ್ನ ಮುಂದೆ ಗಡಿಯಾರ ಇಟ್ಟು ಕಲಿಸಿದರು. ನೋವು ಬಂದ ಮೇಲೆ ಅಲ್ಲ, ಬರುವ ಮೊದಲೇ ಕೊಡಬೇಕು. ಹೊತ್ತು ತಪ್ಪಿಸಬಾರದು. ಹೊಟ್ಟೆ ಕಟ್ಟುತ್ತದೆ, ಅದಕ್ಕೆ ಬೇರೆ ಮದ್ದು ಜೊತೆಗೇ ಕೊಡಬೇಕು. ಸಾಕಾಗದಿದ್ದರೆ ಡೋಸ್ ಜಾಸ್ತಿ ಮಾಡಲು ಬರುತ್ತದೆ, ಡಾಕ್ಟರನ್ನು ಕೇಳಬೇಕು. ಒಮ್ಮೆಲೇ ನಿಲ್ಲಿಸಬಾರದು. ಮೂರನೇ ದಿನ ಅಮ್ಮ ಗಂಜಿ ಕೇಳಿದಳು. ಜೊತೆಗೆ ಮಾವಿನ ಮಿಡಿ. ಅದರ ತೊಟ್ಟು ಚೀಪುತ್ತಾ ಗೋಡೆಗೆ ಒರಗಿ ಕೂತಿದ್ದಳು. ಆಮೇಲೆ ಐದು ವಾರ ಇದ್ದಳು. ಸಾಯಿಸು ಎಂದು ಮತ್ತೊಮ್ಮೆ ಕೇಳಲಿಲ್ಲ.

ಈಗ ಹೇಳಿ, ಅಮ್ಮ ಆ ರಾತ್ರಿ ಕೇಳಿದ್ದು ಸಾವನ್ನಾ? ನಾನು ಅರ್ಧ ಮಾಡಿ ಕಸಿದುಕೊಂಡ ಮಾತ್ರೆಯನ್ನಾ?

ಕಾನೂನಿನ ಮಾತು ಬಂದದ್ದರಿಂದ ಅದನ್ನೂ ಹೇಳುತ್ತೇನೆ. ಚಾವಡಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅರುಣಾ ಶಾನಭಾಗ್ ನಮ್ಮದೇ ಕರಾವಳಿಯ ಹಳದೀಪುರದ ಹುಡುಗಿ. ಮುಂಬೈಯಲ್ಲಿ ನರ್ಸ್ ಆಗಿದ್ದಳು. 1973ರಲ್ಲಿ ಅವಳ ಮೇಲೆ ಆದ ದಾಳಿಯ ನಂತರ 2015ರವರೆಗೆ ಹಾಸಿಗೆಯಲ್ಲೇ ಇದ್ದಳು. ಅವಳಿಗೆ ದಯಾಮರಣ ಕೊಡಿ ಎಂದು ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಲಿಲ್ಲ. ಅವಳನ್ನು ನೋಡಿಕೊಂಡ ಆಸ್ಪತ್ರೆಯವರು ಅವಳು ಬದುಕಲಿ ಅಂದರು. ಆದರೆ ಅದೇ ತೀರ್ಪಿನಿಂದ ಬಾಗಿಲು ತೆರೆಯಿತು. 2018ರಲ್ಲಿ ಐದು ಜನ ನ್ಯಾಯಮೂರ್ತಿಗಳ ಪೀಠ, ಗುಣವಾಗುವ ದಾರಿಯೇ ಇಲ್ಲದಾಗ ಯಂತ್ರ, ನಳಿಗೆ ತೆಗೆಯಬಹುದು, ಘನತೆಯಿಂದ ಸಾಯುವುದೂ ಹಕ್ಕು ಎಂದಿತು. ಅಂಥ ಹೊತ್ತಿಗೆ ನಮಗೆ ಏನು ಬೇಕು, ಏನು ಬೇಡ ಎಂದು ಮೊದಲೇ ಬರೆದಿಡಬಹುದು. 2023ರಿಂದ ಅದಕ್ಕೆ ಇಬ್ಬರು ಸಾಕ್ಷಿ ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಇಂಜೆಕ್ಷನ್ ಕೊಟ್ಟು ಸಾಯಿಸುವುದಕ್ಕೆ ಮಾತ್ರ ಇಲ್ಲಿ ಅನುಮತಿ ಇಲ್ಲ. ಮಾವನಿಗೆ ವೆಂಟಿಲೇಟರೂ ಇರಲಿಲ್ಲ, ನಳಿಗೆಯೂ ಇರಲಿಲ್ಲ. ಇದ್ದದ್ದು ನೋವು.

ಮಾರ್ಫಿನ್ ನಮ್ಮ ಮನೆಗಳಲ್ಲಿ ಹೆದರಿಕೆಯ ಹೆಸರಾದದ್ದೂ ಸುಮ್ನೆ ಅಲ್ಲ. 1985ರಲ್ಲಿ ಮಾದಕ ವಸ್ತು ಕಾನೂನು ಬಂತು. ಕಳ್ಳಸಾಗಣೆ ತಡೆಯಲು ಮಾಡಿದ್ದು, ಸರಿ. ಆದರೆ ಆಸ್ಪತ್ರೆಗಳು ಮಾರ್ಫಿನ್ ಇಡಲು ಬೇರೆ ಬೇರೆ ಇಲಾಖೆಗಳಿಂದ ಹಲವು ಲೈಸೆನ್ಸ್ ತೆಗೆಯಬೇಕಾಯಿತು. ಎಷ್ಟೋ ಕಡೆ ಇಡುವುದನ್ನೇ ಬಿಟ್ಟರು. ಅದನ್ನು ಒಮ್ಮೆಯೂ ಬರೆಯದೆ ಕೆಲಸ ಮಾಡಿದ ಡಾಕ್ಟರುಗಳ ಒಂದು ತಲೆಮಾರೇ ಬಂತು. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಸರ್ಕಾರವೇ ಲೈಸೆನ್ಸ್ ಕೊಟ್ಟು, ಮಾರ್ಫಿನ್ ತೆಗೆಯುವ ಅಫೀಮು ಬೆಳೆಸುತ್ತದೆ, ಹೊರದೇಶಕ್ಕೂ ಕಳಿಸುತ್ತದೆ. ನಮ್ಮ ಎಷ್ಟೋ ರೋಗಿಗಳಿಗೆ ಸಿಗುವುದಿಲ್ಲ! 2014ರಲ್ಲಿ ತಿದ್ದುಪಡಿ ಬಂದು ದಾರಿ ಸ್ವಲ್ಪ ಸುಲಭವಾಯಿತು. ಕೇರಳದಲ್ಲಂತೂ 2008ರಲ್ಲೇ ಪಾಲಿಯೇಟಿವ್ ನೀತಿ ಬಂದು, ಪಂಚಾಯತಿನ ಲೆಕ್ಕದಲ್ಲಿ ಸಿಸ್ಟರ್ ಮನೆಗೇ ಬರುತ್ತಾರೆ. ಗಡಿಯ ಆಚೆ ಎಷ್ಟೋ ಊರುಗಳಿಗೆ ಇಲ್ಲದ ಭಾಗ್ಯ ಇದು. ಮದ್ದು ಮನೆಯ ಕಿಟಕಿಯವರೆಗೆ ಬಂದಿದೆ. ಅಲ್ಲಿಂದ ರೋಗಿಯ ಬಾಯಿಗೆ ಹೋಗುವುದಿಲ್ಲ. ನನ್ನ ಹೊಟ್ಟೆ ಉರಿಯುವುದು ಇದಕ್ಕೇ.

"ಮಾರ್ಫಿನ್‌ನಿಂದ ಎಲ್ಲ ನೋವೂ ಹೋಗುವುದಿಲ್ಲ, ಮನಸ್ಸಿನ ಸಂಕಟಕ್ಕೆ ಮಾತ್ರೆ ಎಲ್ಲಿದೆ, ಹಾಗಾಗಿ ದಯಾಮರಣದ ಕಾನೂನು ಬೇಕೇ ಬೇಕು" ಎಂದು ಕೆಲವರು ಹೇಳುತ್ತೀರಿ. ಹೌದು, ಕೆಲವು ನೋವು ಜಗ್ಗುವುದಿಲ್ಲ. ನಾನೇ ಕಂಡಿದ್ದೇನೆ. ಆದರೆ ಆ ಮಾತನ್ನು ಆಡಬೇಕಾದದ್ದು ಸರಿಯಾದ ಮದ್ದು ಸರಿಯಾದ ಹೊತ್ತಿಗೆ ಕೊಟ್ಟು, ರಾತ್ರಿ ಪಕ್ಕದಲ್ಲಿ ಕೂತು ನೋಡಿದ ಮೇಲೆ. 47 ಮಾತ್ರೆ ಡಬ್ಬಿಯಲ್ಲಿ ಇಟ್ಟುಕೊಂಡು ಅಲ್ಲ. ಮದ್ದು ಕೊಡದೆ ಸಾವು ಬೇಕಾ ಎಂದು ಕೇಳಿದರೆ ಯಾರಾದರೂ ಬೇಕು ಅಂದಾರು.

ಇನ್ನೂ ಒಂದು ಮಾತು ಕೇಳಿ ನನಗೆ ಮೈ ಉರಿಯಿತು. ಒಬ್ಬರು ಅಂದರು, "ಎಂಡೋಸಲ್ಫಾನ್ ಮಕ್ಕಳಿಗೂ ಅದೇ ಒಳ್ಳೆಯದಿತ್ತು." ಎಣ್ಮಕಜೆಯಲ್ಲಿ, ಬೆಳ್ಳೂರಿನಲ್ಲಿ ಮೂವತ್ತು ದಾಟಿದ ಮಗನನ್ನು ಇವತ್ತಿಗೂ ಎತ್ತಿ ಸ್ನಾನ ಮಾಡಿಸುವ ತಾಯಂದಿರ ಮುಂದೆ ನಿಂತು ಹೇಳಿ ನೋಡಿ ಈ ಮಾತು. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷ ಸುರಿದದ್ದು ಆ ಮಕ್ಕಳಲ್ಲ. ಆ ವಿಷದಿಂದ ನರಳಿದವರಿಗೆ ತಲಾ 5 ಲಕ್ಷ ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ. 2022ರ ಮೇನಲ್ಲಿ ಅದೇ ಕೋರ್ಟ್ ನೋಡಿದಾಗ 3704 ಜನರಲ್ಲಿ ಹಣ ಸಿಕ್ಕಿದ್ದು ಎಂಟೇ ಮಂದಿಗೆ. "ನಾನು ಹೋದ ಮೇಲೆ ಇವನನ್ನು ಯಾರು ನೋಡುತ್ತಾರೆ?" ಎಂದು ಆ ತಾಯಿ ಕೇಳುವುದು ನೋಡಿಕೊಳ್ಳುವ ಜನವನ್ನು. ಅದಕ್ಕೆ ದಯಾಮರಣ ಎಂಬ ಉತ್ತರ ಕೊಡುವವರಿಗೆ ನಾಚಿಕೆ ಆಗಬೇಕು.

ಹೊರಡುವಾಗ ಸೊಸೆ ಗೇಟಿನವರೆಗೆ ಬಂದಳು. ಮಾತ್ರೆಯ ಜೊತೆ ಕೊಟ್ಟ ಕಾಗದ ತೋರಿಸಿದಳು. ಪೂರ್ತಿ ಮಲಯಾಳದಲ್ಲಿ ಇತ್ತು. ಅವಳು ಓದಿದ್ದು ಕನ್ನಡ ಶಾಲೆ. "ನನಗೆ ಓದಲಿಕ್ಕೆ ಬರುವುದಿಲ್ಲ ಅಕ್ಕ, ಹೇಳಲು ನಾಚಿಕೆ ಆಯಿತು" ಅಂದಳು. ಆ ಕಾಗದ ಈಗ ನನ್ನ ಮೇಜಿನ ಮೇಲೆ ಇದೆ. ಗೊತ್ತಿದ್ದವರನ್ನು ಕೇಳಿಕೊಂಡು ಅರ್ಧ ಕನ್ನಡಕ್ಕೆ ತಂದಿದ್ದೇನೆ. ಸಿಸ್ಟರಿಗೆ ಓದಿ ತೋರಿಸಿ, ತಪ್ಪಿದ್ದರೆ ತಿದ್ದಿ, ನೂರು ಪ್ರತಿ ಮಾಡಿಸುತ್ತೇನೆ. ಉಳಿದ ಮಾತ್ರೆಗಳನ್ನು ಗುರುವಾರ ಸಿಸ್ಟರ್ ಲೆಕ್ಕ ಹಾಕಿ ವಾಪಸ್ ಒಯ್ಯುತ್ತಾರೆ. ಅದೇ ರಸ್ತೆಯ ಕೊನೆಯ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಅವರಿಗೂ ಮೊನ್ನೆ ಮಾರ್ಫಿನ್ ಶುರುವಾಗಿದೆಯಂತೆ. ಆ ದಿನ ನಾನೂ ಅವರ ಗಾಡಿಯಲ್ಲಿ ಇರುತ್ತೇನೆ. ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆ ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಹೇಳಿ. ಗಡಿಯಾರ ಹಿಡಿದುಕೊಂಡು ಬರುತ್ತೇನೆ.