ಸೃಜನಶೀಲತೆಗೆ ಹಾಜರಾತಿ ಕಡ್ಡಾಯ

ಆ ಸುತ್ತೋಲೆ ನಿಮ್ಮ ಕಚೇರಿಗೂ ಬಂದಿರುತ್ತದೆ, ಬಿಡಿ. ನೌಕರರು ಕೆಲಸದ ನಡುವೆ ಕಲೆ, ಸೃಜನಶೀಲತೆ ಬೆಳೆಸಿಕೊಳ್ಳಬೇಕಂತೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಕಾರ್ಯಾಗಾರ. ಬೆರಳಚ್ಚು ಎರಡು ಸಲ. ಗೈರಾದವರಿಗೆ ಒಂದು ರಜೆ ಕಟ್.

ಅಡಿಕೆ ಕೊಯ್ಲಿನ ಹೊತ್ತು. ಮನೆಯಲ್ಲಿ ಸುಲಿಯೋದು ಬಿಟ್ಟು ಶಿವಮೊಗ್ಗಕ್ಕೆ ಬಂದು ಕೂತೆವು. ಬೆಂಗಳೂರಿನಿಂದ ಬಂದ ಸಂಪನ್ಮೂಲ ವ್ಯಕ್ತಿ 'ನಿಮ್ಮೊಳಗಿನ ಮಗುವನ್ನು ಎಬ್ಬಿಸಿ' ಎಂದರು. ಮುಂದಿನ ಸಾಲಿನಲ್ಲಿ, ನಿವೃತ್ತಿಗೆ ಎರಡೇ ತಿಂಗಳಿದ್ದ ಸೂಪರಿಂಟೆಂಡೆಂಟರು ಆಗಲೇ ನಿದ್ದೆ ಹೋಗಿದ್ದರು. ಮಗುವೂ ಜೊತೆಗೇ ಮಲಗಿರಬೇಕು.

ಸಭಾಂಗಣದ ಗೋಡೆಗೆ ಹಸೆ ಚಿತ್ತಾರ ಅಂಟಿಸಿದ್ದರು. ಹೌದು, ಅಂಟಿಸಿದ್ದರು. ಪ್ರಿಂಟ್ ಹೊಡೆಸಿದ ಸ್ಟಿಕ್ಕರ್. ಹೋದ ಮಳೆಗಾಲದ ಥಂಡಿಗೆ ಒಂದು ಮೂಲೆ ಎದ್ದು ನೇತಾಡುತ್ತಿತ್ತು. ಭಾಷಣಕ್ಕಿಂತ ಅದೇ ವಾಸಿ, ಸುಮ್ನೆ ನೋಡುತ್ತಾ ಕೂತೆ. ಸಾಗರದ ಕಡೆ ದೀವರ ಸಮುದಾಯದ ಹೆಂಗಸರು ಇದನ್ನು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬರೆಯುತ್ತಾರೆ. ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಕರಕಲಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿ ನಾರು. ಭೂಮಿ ಹುಣ್ಣಿಮೆ ಬಂದರೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೂ ಚಿತ್ತಾರ. ಗದ್ದೆ, ಕೊಟ್ಟಿಗೆ, ಒಲೆ ಎಲ್ಲದರ ನಡುವೆ ಬಿಡುವು ಮಾಡಿಕೊಂಡು ಬರೆಯುವವರು. ಅವರೊಳಗಿನ ಮಗುವನ್ನು ಯಾರೂ ಎಬ್ಬಿಸಿದ್ದಿಲ್ಲ. ತೊಟ್ಟಿಲಲ್ಲಿರೋ ಮಗು ಎದ್ದರೆ ಚಿತ್ತಾರ ಸ್ವಲ್ಪ ಹೊತ್ತು ನಿಲ್ಲುತ್ತದೆ, ಅಷ್ಟೇ.

ಹೆಗ್ಗೋಡಿಗೆ ತಾನೇ ಯಾರು ಸುತ್ತೋಲೆ ಕಳಿಸಿದ್ದರು? 1949ರಲ್ಲಿ ನೀನಾಸಂ ರಂಗಸಂಸ್ಥೆ ಹುಟ್ಟಿದ್ದು ಅಡಿಕೆ ತೋಟಗಳ ನಡುವಿನ ಹಳ್ಳಿಯಲ್ಲಿ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರೂ ಅಡಿಕೆ ಬೆಳೆಗಾರರೇ. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಬೆರಳಚ್ಚು ಕೊಟ್ಟಿದ್ದರಂತಾ?

ನಮ್ಮಲ್ಲೊಬ್ಬ ಗುಮಾಸ್ತನಿದ್ದಾನೆ. ಯಕ್ಷಗಾನದಲ್ಲಿ ಕೌರವನ ವೇಷ ಅಂದರೆ ಅವನೇ. ರಾತ್ರಿಯಿಡೀ ಆಟ, ಬೆಳಗಿನ ಮೊದಲ ಬಸ್ಸಿಗೆ ಕಚೇರಿ. ಕೊಬ್ಬರಿ ಎಣ್ಣೆ ಹಚ್ಚಿ ಎಷ್ಟು ಒರೆಸಿದರೂ ಕಿವಿ ಸಂದಿಯಲ್ಲಿ ಕೆಂಪು ಉಳಿದಿರುತ್ತದೆ. ಹೋದ ವರ್ಷ ಇಪ್ಪತ್ತು ನಿಮಿಷ ತಡವಾಯಿತು ಅಂತ ನೋಟಿಸು ಕೊಟ್ಟರು. ಅದಕ್ಕೆ ಸಹಿ ಹಾಕಿದವರೇ ಶನಿವಾರ ದೀಪ ಹಚ್ಚಿದವರು. ಕಾರ್ಯಾಗಾರದಲ್ಲಿ ಇವನಿಗೆ ಸಿಕ್ಕ ಪಾತ್ರ ಯಾವುದು ಗೊತ್ತಾ? ಮರ. 'ಕೈ ಅಗಲಿಸಿ ನಿಲ್ಲಿ ಸರ್, ಗಾಳಿ ಬೀಸ್ತಿದೆ ಅಂದ್ಕೊಳ್ಳಿ.' ಕಿರೀಟ ಹೊತ್ತು ರಾತ್ರಿಯೆಲ್ಲ ರಂಗದಲ್ಲಿರುವವನು ಹತ್ತು ನಿಮಿಷ ಮರವಾಗಿ ನಿಂತ. ಚಪ್ಪಾಳೆ ಬಿತ್ತು.

ನನಗೆ ನಗು ಬರಲಿಲ್ಲ. ನೀವು ಕಲೆ ಬೆಳೆಸುವುದೇನೂ ಬೇಡ ಸ್ವಾಮಿ. ಅವನಿಗೆ ವರ್ಷದಲ್ಲಿ ನಾಲ್ಕು ದಿನ ಹನ್ನೊಂದಕ್ಕೆ ಬರಲು ಬಿಡಿ, ಸಾಕು. ಅದಕ್ಕೆ ನಿಯಮದಲ್ಲಿ ಅವಕಾಶವಿಲ್ಲ ಅಂತೀರಿ. ಸ್ಟಿಕ್ಕರಿಗೆ, ಬಣ್ಣದ ಪೆನ್ಸಿಲ್ಲಿಗೆ, ಗೋಡಂಬಿ ಪ್ಲೇಟಿಗೆ ಎಲ್ಲಿಂದ ಬಂತು ಅವಕಾಶ?

ಕೊನೆಗೆ ಒಂದು ಫಾರಂ ಕೊಟ್ಟರು. 'ನಿಮ್ಮ ಸೃಜನಶೀಲತೆ ಎಷ್ಟು ಹೆಚ್ಚಿದೆ? ಸರಿಯಾದ ಚೌಕಕ್ಕೆ ಗುರುತು ಹಾಕಿ. ಚೌಕದ ಹೊರಗೆ ಬರೆಯಬಾರದು.' ತುಂಬಿ ಕೊಟ್ಟೆವು. ಆಗಲೇ ಐದು ಗಂಟೆ. ತೀರ್ಥಹಳ್ಳಿ ಕಡೆ ಆಟ ಇದೆ, ಹೊರಡಲಾ ಸರ್ ಎಂದು ನಮ್ಮ ಕೌರವ ಕೇಳಿದ.

'ಗ್ರೂಪ್ ಫೋಟೋ ಆಗ್ಲಿ ತಡೀರಿ' ಎಂದರು ಸಾಹೇಬರು. 'ಹಿಂದಿನ ಸಾಲಲ್ಲಿ ನಿಲ್ಲಿ. ಮರ ನೀವೇ ಅಲ್ವಾ?'