ಮೊದಲೇ ಚಿತ್ರ ತೋರಿಸಬೇಡಿ

ಶನಿವಾರದಿಂದ ಸಿಟ್ಟು ಇಳಿದಿಲ್ಲ. ಬರೆದು ಹಾಕದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಒಂದು ಡಿಸೈನ್ ಕಾಲೇಜಿನವರು ಮಕ್ಕಳ ಕೆಲಸ ನೋಡಲು ಕರೆದಿದ್ದರು. ಎರಡನೇ ವರ್ಷದ 24 ಮಕ್ಕಳು. ಕೊಟ್ಟ ಕೆಲಸ ತುಂಬಾ ಚೆನ್ನಾಗಿತ್ತು. ಸ್ಕೂಲ್ ಬ್ಯಾಗಿನಲ್ಲಿ ಸಾರು ಚೆಲ್ಲದ ಊಟದ ಡಬ್ಬಿ ಮಾಡಬೇಕು. ಸಾರು ಕುಡಿದ ನೋಟ್‌ಬುಕ್ಕಿನ ವಾಸನೆ ಎಲ್ಲ ತಾಯಂದಿರಿಗೂ ಗೊತ್ತು ಅಲ್ವಾ?

ಪ್ರೊಜೆಕ್ಟರ್ ಕೇಬಲ್ ಸಿಗಲಿಲ್ಲ. ಹುಡುಕೋಕೆ ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಮಕ್ಕಳು ಅವರಷ್ಟಕ್ಕೆ ಗೀಚಲು ಶುರು ಮಾಡಿದ್ದರು. ನಾನು ಹಿಂದಿನಿಂದ ನಡೆಯುತ್ತಾ ನೋಡಿದೆ. ಒಬ್ಬಳು ತಂಬಿಗೆಯ ಕಂಠದ ಹಾಗೆ ಒಳಕ್ಕೆ ಬಾಗಿದ ಬಾಯಿ ಬರೆದಿದ್ದಳು. ಇನ್ನೊಬ್ಬಳು ಅನ್ನದ ನಡುವೆಯೇ ಸಾರಿಗೆ ಒಂದು ಬಾವಿ ಮಾಡಿದ್ದಳು. ಕೊನೆ ಬೆಂಚಿನ ಹುಡುಗ ಬರೆದದ್ದು ಸಿಂಬೆ. ಹೌದು, ತಲೆ ಮೇಲೆ ಕೊಡ ಹೊರುವಾಗ ಕೆಳಗಿಡುವ ಬಟ್ಟೆಯ ಸಿಂಬೆ. ಅದನ್ನು ಬ್ಯಾಗಿನ ತಳಕ್ಕೆ ಹೊಲಿದು, ಅದರೊಳಗೆ ಗುಂಡು ತಳದ ಡಬ್ಬಿ ಕೂರಿಸಿದ್ದ. ಬ್ಯಾಗು ವಾಲಿದರೂ ಡಬ್ಬಿ ನೆಟ್ಟಗೇ ಇರಬೇಕು ಅನ್ನೋದು ಅವನ ಯೋಚನೆ. ನಾನು 18 ವರ್ಷದಿಂದ ಪ್ಯಾಕೇಜಿಂಗ್ ಮಾಡುತ್ತಿದ್ದೇನೆ. ಚೆಲ್ಲಬಾರದು ಅಂದ ಕೂಡಲೇ ನನ್ನ ತಲೆ ಮುಚ್ಚಳಕ್ಕೆ ಓಡುತ್ತದೆ. ಇವನು ಮುಚ್ಚಳ ಬಿಟ್ಟು ತಳ ಹಿಡಿದಿದ್ದ.

ಕೇಬಲ್ ಸಿಕ್ಕಿತು. ಪರದೆ ಮೇಲೆ ದೊಡ್ಡದಾಗಿ ಒಂದು ಸ್ಟೀಲ್ ಡಬ್ಬಿ ಬಂತು. ಎರಡು ಕಡೆ ಕ್ಲಿಪ್ಪು, ಮೇಲೆ ಹಿಡಿ. ಮೇಷ್ಟ್ರು ಹೇಳಿದರು, "ಇದು ಬರೀ ರೆಫರೆನ್ಸ್. ನೀವು ಫ್ರೀಯಾಗಿ ಯೋಚನೆ ಮಾಡಿ."

ಒಂದು ಗಂಟೆ ಆದಮೇಲೆ ಹಾಳೆಗಳನ್ನು ಗೋಡೆಗೆ ಅಂಟಿಸಿದರು. 24ರಲ್ಲಿ 19 ಡಬ್ಬಿಗಳಿಗೆ ಎರಡು ಕಡೆ ಕ್ಲಿಪ್ಪು, ಮೇಲೆ ಹಿಡಿ. ತಂಬಿಗೆಯ ಕಂಠ ಇಲ್ಲ. ಬಾವಿ ಇಲ್ಲ. ಸಿಂಬೆ ಇದ್ದ ಜಾಗದಲ್ಲಿ ರಬ್ಬರಿನಿಂದ ಉಜ್ಜಿದ ಬೂದು ಕಲೆ ಮಾತ್ರ ಇತ್ತು. ಆಮೇಲೆ ಅದೇ ಮೇಷ್ಟ್ರು ಮಕ್ಕಳನ್ನು ಬೈದರು. ನಿಮ್ಮಲ್ಲಿ ಕ್ರಿಯೇಟಿವಿಟಿಯೇ ಇಲ್ಲ, ಬರೀ ಮೊಬೈಲ್ ನೋಡಿ ನೋಡಿ ಹೀಗಾಗಿದ್ದೀರಿ ಅಂತ.

ನನಗೆ ಸಿಟ್ಟು ಬಂದದ್ದು ಈ ಮಾತಿಗೆ. ಮಕ್ಕಳ ತಲೆಗೆ ಆ ಡಬ್ಬಿ ತುಂಬಿದವರು ಯಾರು?

ಇದೇನು ಹೊಸ ವಿಷಯ ಅಲ್ಲ. 1991ರಲ್ಲೇ ಅಮೆರಿಕದಲ್ಲಿ ಜಾನ್ಸನ್ ಮತ್ತು ಸ್ಮಿತ್ ಅನ್ನುವ ಇಬ್ಬರು ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಅವರು ಕೊಟ್ಟ ಕೆಲಸಗಳಲ್ಲಿ ಒಂದು, ಚೆಲ್ಲದ ಕಾಫಿ ಕಪ್ಪು. ಕೆಲವರಿಗೆ ಮೊದಲೇ ಒಂದು ಮಾದರಿ ತೋರಿಸಿದರು. ಅದರಲ್ಲಿ ಹೀರುವ ಕೊಳವೆ ಇತ್ತು. ಕೊಳವೆ ಹಾಕಬಾರದು ಅಂತ ಬಾಯಿಬಿಟ್ಟು ಹೇಳಿಯೂ ಇದ್ದರು. ಆದರೂ ಮಾದರಿ ನೋಡಿದವರಲ್ಲಿ ಎಷ್ಟೋ ಜನ ಕೊಳವೆಯನ್ನೇ ಬರೆದರು. ಮಾದರಿಯಲ್ಲಿದ್ದ ತಪ್ಪುಗಳನ್ನೂ ಎತ್ತಿಕೊಂಡರು. ಕೆಲಸದಲ್ಲಿ ಪಳಗಿದ ಎಂಜಿನಿಯರುಗಳ ಮೇಲೂ ಇಂಥದ್ದೇ ಪ್ರಯೋಗ ಮಾಡಿದರು, ಅವರೂ ಸಿಕ್ಕಿಬಿದ್ದರು. ಇದಕ್ಕೆ ಡಿಸೈನ್ ಫಿಕ್ಸೇಶನ್ ಅಂತ ಹೆಸರು. ಈಗ ತಾನೇ ಕಂಡದ್ದು ನೆನಪಿನ ಬಾಗಿಲಲ್ಲಿ ನಿಂತುಬಿಡುತ್ತದೆ. ಒಳಗೆ ಇನ್ನೂ ನೂರು ಇದ್ದರೂ ಅವು ಹೊರಗೆ ಬರಲು ಆಗುವುದಿಲ್ಲ. ಸುಮ್ನೆ "ಫ್ರೀಯಾಗಿ ಯೋಚನೆ ಮಾಡಿ" ಅಂದರೆ ಬಾಗಿಲು ತೆರೆಯುವುದಿಲ್ಲ.

ಮಧ್ಯಾಹ್ನ ಇನ್ನೊಂದು. ನಾಲ್ಕೈದು ಜನರ ಗುಂಪು ಮಾಡಿ ಬ್ರೈನ್‌ಸ್ಟಾರ್ಮಿಂಗ್ ಮಾಡಿಸಿದರು, ಅಂದರೆ ಒಟ್ಟಿಗೆ ಕೂತು ಹೊಳೆದದ್ದನ್ನೆಲ್ಲ ಹೇಳುವುದು. ಯಾರ ಗಂಟಲು ಜೋರೋ ಅವರ ಮಾತು ಹಾಳೆಗೆ ಬಂತು. ಈ ಪದ್ಧತಿಯನ್ನು ಊರೂರಿಗೆ ಮುಟ್ಟಿಸಿದ್ದು ಆಸ್ಬರ್ನ್ ಅನ್ನುವ ಜಾಹೀರಾತಿನ ಮನುಷ್ಯ. ಆದರೆ 1958ರಲ್ಲೇ ಯೇಲ್ ವಿಶ್ವವಿದ್ಯಾಲಯದಲ್ಲಿ ಎಣಿಸಿ ನೋಡಿದ್ದರು. ನಾಲ್ಕು ಜನ ಬೇರೆ ಬೇರೆ ಕೂತು ಬರೆದದ್ದನ್ನು ಕೂಡಿಸಿದರೆ, ನಾಲ್ಕು ಜನ ಒಟ್ಟಿಗೆ ಕೂತು ಹೇಳಿದ್ದಕ್ಕಿಂತ ಜಾಸ್ತಿ ಐಡಿಯಾ ಇರುತ್ತಿದ್ದವು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಕಾಯುವಾಗ ತಮ್ಮದು ಮರೆತು ಹೋಗುತ್ತದೆ, ಇಲ್ಲವೇ ಅವರ ಮಾತಿನ ಕಡೆಗೇ ವಾಲುತ್ತದೆ.

ಊಟದ ಹೊತ್ತಲ್ಲಿ ಇದನ್ನೆಲ್ಲ ಮೇಷ್ಟ್ರ ಹತ್ತಿರ ಹೇಳಿದೆ. "ಮೇಡಂ, ಏನೂ ನೋಡದೆ ಯಾರು ಏನು ಮಾಡ್ತಾರೆ? ಎಲ್ಲರೂ ನೋಡಿಯೇ ಕಲಿತದ್ದಲ್ವಾ?" ಅಂದರು. ನಿಜ. ನಾನು ನೋಡಬೇಡಿ ಅನ್ನುತ್ತಿಲ್ಲ. ನಮ್ಮ ಆಯಿ ಧಾರವಾಡದಲ್ಲಿ ಕಸೂತಿ ಹಾಕುತ್ತಿದ್ದಳು. ಬಟ್ಟೆ ಮೇಲೆ ಪೆನ್ಸಿಲಿನ ಗೆರೆ ಇಲ್ಲ, ಗಂಟು ಇಲ್ಲ. ಎಳೆ ಎಣಿಸಿ ಎಣಿಸಿ ಗೋಪುರ, ಆನೆ, ತುಳಸಿ ಕಟ್ಟೆ ಎಬ್ಬಿಸುತ್ತಿದ್ದಳು. ಗವಂತಿ, ಮುರ್ಗಿ, ನೇಗಿ, ಮೆಂತಿ, ನಾಲ್ಕೂ ಹೊಲಿಗೆ ಅವಳ ಕೈಯಲ್ಲಿದ್ದವು. ಅವಳೂ ತನ್ನ ಅವ್ವನನ್ನು ನೋಡಿಯೇ ಕಲಿತವಳು. ಆದರೆ ನೋಡಿದ್ದು ವರ್ಷಗಟ್ಟಲೆ, ನೂರಾರು ಸೀರೆ. ಆ ನೋಟ ಕೈಗೆ ಇಳಿದು, ಅಲ್ಲೇ ಬೆರೆತು, ಎರಡು ಆನೆಗಳ ನಡುವೆ ಜಾಗ ಉಳಿದರೆ ಅಲ್ಲಿಗೆ ಏನು ಅಂತ ಆ ಕ್ಷಣ ಹುಟ್ಟುತ್ತಿತ್ತು. ಕೆಲಸ ಶುರುವಾಗುವ ಎರಡು ನಿಮಿಷ ಮೊದಲು ಗೋಡೆ ಮೇಲೆ ಒಂದೇ ಒಂದು ಚಿತ್ರ ಹಾಕುವುದಕ್ಕೂ ಇದಕ್ಕೂ ಏನು ಸಂಬಂಧ? ಇವೆರಡನ್ನೂ ಒಂದೇ ಅನ್ನುವವರ ಜೊತೆ ವಾದ ಮಾಡಲು ನನಗೆ ಇಷ್ಟವಿಲ್ಲ.

ಒಂದು ಮಾತು ಇಲ್ಲಿತನಕ ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಉಪ್ಪಿನಕಾಯಿ ಬಾಟಲಿಗೆ ಒಂದು ಲೇಬಲ್ ಮಾಡಿದ್ದೆ. ಮಾವಿನಕಾಯಿಯೇ ನವಿಲಾಗುವ ಚಿತ್ರ. ಅದು ಹೊಳೆದ ರಾತ್ರಿ ಖುಷಿಗೆ ಅತ್ತಿದ್ದೆ. ಲೇಬಲ್ ಅಚ್ಚಾಯಿತು, ಎಲ್ಲರೂ ಹೊಗಳಿದರು. ಮನೆ ಬದಲಿಸುವಾಗ ಕಾಲೇಜಿನ ಹಳೆ ಪುಸ್ತಕ ಸಿಕ್ಕಿತು. ನಾನೇ ಕತ್ತರಿಸಿ ಅಂಟಿಸಿದ್ದ ಒಂದು ಚೂರು ಅದರಲ್ಲಿತ್ತು. ಅದೇ ಮಾವು, ಅದೇ ನವಿಲು, ಬೇರೆ ಯಾರದೋ ಕೈ. ನೆಲದ ಮೇಲೆ ಕುಸಿದು ಕೂತೆ. ನಾನು ಕದ್ದಿರಲಿಲ್ಲ. ಆದರೆ ನನ್ನದೂ ಆಗಿರಲಿಲ್ಲ. ನೆನಪು ಚಿತ್ರವನ್ನು ಇಟ್ಟುಕೊಂಡು, ಅದು ಎಲ್ಲಿಂದ ಬಂತು ಅನ್ನೋದನ್ನು ಮಾತ್ರ ಬಿಟ್ಟುಬಿಟ್ಟಿತ್ತು. ಇದಕ್ಕೂ ಒಂದು ಹೆಸರಿದೆ, ಕ್ರಿಪ್ಟೊಮ್ನೀಸಿಯ. 1989ರಲ್ಲಿ ಬ್ರೌನ್ ಮತ್ತು ಮರ್ಫಿ ಜನರನ್ನು ಗುಂಪಾಗಿ ಕೂರಿಸಿ ಸರದಿಯಲ್ಲಿ ಒಂದೊಂದು ಉತ್ತರ ಹೇಳಿಸಿದರು. ಆಮೇಲೆ ನೀವು ಹೇಳಿದ್ದು ಯಾವುದು ಅಂತ ಕೇಳಿದರೆ, ಪಕ್ಕದವರ ಉತ್ತರವನ್ನೂ ತಮ್ಮದೇ ಅಂತ ನಂಬಿ ಹೇಳಿದವರು ಇದ್ದರು. ಓದಿದಾಗ ಸ್ವಲ್ಪ ಸಮಾಧಾನವಾಯಿತು. ನಾಚಿಕೆ ಮಾತ್ರ ಹೋಗಲಿಲ್ಲ.

ಅದಕ್ಕೇ ಇಷ್ಟು ಹಟ ಮಾಡುತ್ತಿದ್ದೇನೆ. ಮಕ್ಕಳಿಗೆ ಮೊದಲ ಅರ್ಧ ಗಂಟೆ ಖಾಲಿ ಹಾಳೆ ಕೊಡಿ. ಒಬ್ಬೊಬ್ಬರೇ ಕೂರಲಿ. ಅವರ ಮನೆ, ಅವರ ಅಜ್ಜಿಯ ಅಡುಗೆಮನೆ, ಅವರ ಬಸ್ಸು, ಎಲ್ಲ ಹೊರಗೆ ಬರಲಿ. ಆಮೇಲೆ ಚಿತ್ರ ತೋರಿಸಿ. ಒಂದಲ್ಲ, ಒಂದಕ್ಕೊಂದು ಹೋಲದ ಹತ್ತು ತೋರಿಸಿ. ಟೈಮ್ ಇಲ್ಲ ಅನ್ನಬೇಡಿ. ಕೇಬಲ್ ಹುಡುಕಿದ ಹತ್ತು ನಿಮಿಷದಲ್ಲಿ ಆ ತರಗತಿಯಲ್ಲಿ ಏನೆಲ್ಲ ಹುಟ್ಟಿತು ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಹೊರಡುವ ಮೊದಲು ಆ ಹುಡುಗನನ್ನು ಮೆಟ್ಟಿಲ ಹತ್ತಿರ ಹಿಡಿದೆ. ಯಾಕೆ ಅಳಿಸಿದೆ ಅಂತ ಕೇಳಿದರೆ, "ಡಬ್ಬಿ ಅಂದ್ರೆ ಆ ಫೋಟೊ ಥರ ಇರ್ಬೇಕೇನೋ ಅನ್ಕೊಂಡೆ ಮೇಡಂ" ಅಂದ. ಅಲ್ಲೇ ಕೂತು ಸಿಂಬೆಯನ್ನು ಇನ್ನೊಮ್ಮೆ ಬರೆಸಿದೆ. ಬ್ಯಾಗು ಪೂರ್ತಿ ತಲೆಕೆಳಗಾದರೆ ಏನು ಮಾಡ್ತೀಯ ಅಂದೆ. ತಲೆ ಕೆರೆದುಕೊಂಡ. ಉತ್ತರ ಇರಲಿಲ್ಲ.

ನಿನ್ನೆ ರಾತ್ರಿ 11 ಗಂಟೆಗೆ ಒಂದು ಚಿತ್ರ ಕಳಿಸಿದ್ದಾನೆ. ಮುಚ್ಚಳ ಇನ್ನೂ ಸೋರುತ್ತದೆ. ಆದರೆ ಅದರಲ್ಲಿ ಕ್ಲಿಪ್ಪು ಇಲ್ಲ.